ಸ್ಕೇಟಿಂಗ್ ಕಲಿಯುವ ಮಗುವಿಗೆ ಏನು ಕೊಡಿಸಬೇಕು? ಹೆಲ್ಮೆಟ್, ಪ್ಯಾಡ್, ಬಟ್ಟೆಯ ಬಗ್ಗೆ ಹರಿದಾಡುವ ತಪ್ಪು ನಂಬಿಕೆಗಳು ಮತ್ತು ಅಸಲಿ ವಿಜ್ಞಾನ

ಬೇಸಿಗೆ ರಜೆ ಹತ್ತಿರ ಬಂತೆಂದರೆ ಶಾಲೆಯ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ಒಂದು, ಆರೇಳು ವರ್ಷದ ಮಗು ಕಾಲು ಅಗಲಿಸಿ, ಮೈಯನ್ನು ನೆಲಕ್ಕಂಟಿಸಿ, ಸಾಲಾಗಿ ನಿಂತ ಕಾರುಗಳ ಅಡಿಯಲ್ಲಿ ಸರ್ರನೆ ನುಸುಳಿಹೋಗುವ ವಿಡಿಯೊ. ಇನ್ನೊಂದು, ‘ಸ್ಕೇಟ್, ಹೆಲ್ಮೆಟ್, ಆರು ಪ್ಯಾಡ್, ಬ್ಯಾಗ್ ಎಲ್ಲ ಸೇರಿ ಒಂದೇ ಬೆಲೆ’ ಎನ್ನುವ ಕಿಟ್ ಜಾಹೀರಾತು. ಮೊದಲನೆಯದು ಆಸೆ ಹುಟ್ಟಿಸುತ್ತದೆ, ಎರಡನೆಯದು ಧೈರ್ಯ ತುಂಬುತ್ತದೆ. ಜೊತೆಗೆ ‘ಹೆಲ್ಮೆಟ್ ಒಂದಿದ್ದರೆ ಸಾಕು’, ‘ಪ್ಯಾಡ್ ಹಾಕಿದರೆ ಮಗುವಿಗೆ ಭಯ ಹೋಗುವುದೇ ಇಲ್ಲ’, ‘ಎರಡು ಸೈಜ್ ದೊಡ್ಡ ಶೂ ತಗೊಳ್ಳಿ, ಮೂರು ವರ್ಷ ಬರುತ್ತೆ’ ಎಂಬ ಸಲಹೆಗಳು ಬಿಟ್ಟಿಯಾಗಿ ಸಿಗುತ್ತವೆ.

ಈ ಆಟದ ಮೇಲೆ ಆಸಕ್ತಿ ಹೆಚ್ಚುವುದಕ್ಕೆ ಒಳ್ಳೆಯ ಕಾರಣಗಳೂ ಇವೆ. 2023ರ ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ ರೋಲರ್ ಸ್ಪೀಡ್ ಸ್ಕೇಟಿಂಗ್‌ನ 3000 ಮೀಟರ್ ರಿಲೇಯಲ್ಲಿ ಕಂಚು ಗೆದ್ದವು. 2025ರಲ್ಲಿ ಚೆನ್ನೈನ ಆನಂದ್‌ಕುಮಾರ್ ವೇಲ್‌ಕುಮಾರ್ 1000 ಮೀಟರ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಬೆಂಗಳೂರು, ಮೈಸೂರು, ಬೆಳಗಾವಿಗಳಲ್ಲಿ ಬೆಳಿಗ್ಗೆ ಆರಕ್ಕೇ ರಿಂಕ್‌ನಲ್ಲಿ ಮಕ್ಕಳ ಸಾಲು ಕಾಣಬಹುದು. ಮಕ್ಕಳು ಕಲಿಯಲಿ. ಆದರೆ ಅಂಗಡಿಗೆ ಹೋಗುವ ಮುನ್ನ ಪೋಷಕರು ಬೆಲೆ, ಬಣ್ಣ, ಬ್ರ್ಯಾಂಡ್‌ಗಳನ್ನು ಬದಿಗಿಟ್ಟು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಮಗು ಬೀಳುವಾಗ ಹೇಗೆ ಬೀಳುತ್ತದೆ?

ಮೊದಲು ನೆಲ ಮುಟ್ಟುವುದು ಅಂಗೈ

ಮುಗ್ಗರಿಸಿದ ಕೂಡಲೇ ಕೈ ತಾನಾಗಿಯೇ ಮುಂದೆ ಬರುತ್ತದೆ. ಇದು ಯೋಚಿಸಿ ಮಾಡುವ ಕೆಲಸವಲ್ಲ, ದೇಹದ ಪ್ರತಿವರ್ತನೆ. ಹಿಂದಕ್ಕೆ ಬಿದ್ದರೂ ಅಷ್ಟೇ, ಕೈ ಹಿಂದೆ ಹೋಗಿ ನೆಲಕ್ಕೆ ಊರುತ್ತದೆ. ಆಗ ಮೈಯ ಭಾರವೆಲ್ಲ ಅಂಗೈ ಮೂಲಕ ಮಣಿಕಟ್ಟಿನ ಮೇಲೆ ಬಿದ್ದು, ಕೈ ಹಿಂದಕ್ಕೆ ಅತಿಯಾಗಿ ಬಾಗುತ್ತದೆ. ಮಣಿಕಟ್ಟಿನ ಪಕ್ಕದ ಮೂಳೆ ಮುರಿಯುವುದು ಅಥವಾ ಬಾಗುವುದು ಹೀಗೆ. ಮಕ್ಕಳಲ್ಲಿ ಮೂಳೆಯ ತುದಿಯಲ್ಲೇ ಬೆಳವಣಿಗೆಯ ಮೃದುವಾದ ಪದರ ಇರುತ್ತದೆ. ಪೆಟ್ಟು ಅಲ್ಲಿಗೆ ತಗುಲಿದರೆ ವೈದ್ಯರು ಮುಂದೆ ಬಹುಕಾಲ ಆ ಮೂಳೆಯ ಮೇಲೆ ಕಣ್ಣಿಡಬೇಕಾಗುತ್ತದೆ.

ಈ ವಿಷಯದಲ್ಲಿ ಜನ ಮತ್ತೆ ಮತ್ತೆ ಉಲ್ಲೇಖಿಸುವ ಒಂದು ಅಧ್ಯಯನ 1996ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ಅಮೆರಿಕದ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ 161 ಇನ್‌ಲೈನ್ ಸ್ಕೇಟರ್‌ಗಳನ್ನು ಸಂಶೋಧಕರು ವಿಚಾರಿಸಿದ್ದರು. ಗಾಯಗಳಲ್ಲಿ ಸುಮಾರು ಮೂರನೇ ಒಂದು ಭಾಗ ಮಣಿಕಟ್ಟಿನವು. ರಿಸ್ಟ್ ಗಾರ್ಡ್ ಹಾಕದವರಿಗೆ ಮಣಿಕಟ್ಟಿನ ಗಾಯದ ಸಂಭವ, ಹಾಕಿದವರಿಗಿಂತ ಸುಮಾರು 10 ಪಟ್ಟು ಹೆಚ್ಚು ಎಂದು ಅವರ ಲೆಕ್ಕ ಹೇಳಿತು. ಎಲ್ಬೋ ಪ್ಯಾಡ್ ಹಾಕದವರಿಗೆ ಮೊಣಕೈ ಗಾಯದ ಸಂಭವವೂ ಅದರ ಆಸುಪಾಸಿನಲ್ಲೇ ಇತ್ತು. ಮೊಣಕಾಲಿನ ವಿಷಯದಲ್ಲಿ ವ್ಯತ್ಯಾಸ ಕಂಡರೂ ಅದು ಖಚಿತವಾಗಿ ಹೇಳುವಷ್ಟು ದೊಡ್ಡದಿರಲಿಲ್ಲ. ತಲೆಗೆ ಪೆಟ್ಟಾದವರು ತೀರ ಕಡಿಮೆ ಇದ್ದುದರಿಂದ ಹೆಲ್ಮೆಟ್ ಬಗ್ಗೆ ಆ ಅಧ್ಯಯನ ಏನೂ ತೀರ್ಮಾನಿಸಲಿಲ್ಲ. ಇನ್ನೊಂದು ಮಾತು: ಗಾಯಗೊಂಡವರಲ್ಲಿ ಹೆಲ್ಮೆಟ್ ಮತ್ತು ಮೂರೂ ಬಗೆಯ ಪ್ಯಾಡ್ ಧರಿಸಿದ್ದವರು ಕೇವಲ ಶೇ 7. ಏನನ್ನೂ ಧರಿಸದಿದ್ದವರು ಶೇ 46.

ಇದು ಚಿಕ್ಕ ಅಧ್ಯಯನ, ಹಳೆಯದು, ಹವ್ಯಾಸಕ್ಕೆ ಸ್ಕೇಟ್ ಮಾಡುವವರದು, ರೇಸ್‌ನವರದಲ್ಲ. ಆದರೆ ಕಲಿಯುತ್ತಿರುವ ನಮ್ಮ ಮಗು ಕೂಡ ಸದ್ಯಕ್ಕೆ ಹವ್ಯಾಸಿಯೇ. ಹಾಗಾಗಿ ಅದರ ಪಾಠ ನಮಗೆ ಚೆನ್ನಾಗಿಯೇ ಹೊಂದುತ್ತದೆ.

ರಿಸ್ಟ್ ಗಾರ್ಡ್ ಕೆಲಸ ಮಾಡುವ ರೀತಿ ಸರಳ. ಅಂಗೈ ಕಡೆ ಒಂದು ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಅದು ಮಣಿಕಟ್ಟು ಪೂರ್ತಿ ಹಿಂದಕ್ಕೆ ಮಡಚದಂತೆ ತಡೆಯುತ್ತದೆ, ಪೆಟ್ಟನ್ನು ಹೆಚ್ಚು ಜಾಗಕ್ಕೆ ಹಂಚುತ್ತದೆ, ಮತ್ತು ನೆಲದ ಮೇಲೆ ಜಾರುತ್ತದೆ. ಈ ಜಾರುವುದು ಬಹಳ ಮುಖ್ಯ. ಬರಿ ಅಂಗೈ ಸಿಮೆಂಟಿಗೆ ಕಚ್ಚಿಕೊಂಡು ಅಲ್ಲೇ ನಿಂತುಬಿಡುತ್ತದೆ, ಮೈ ಮಾತ್ರ ಮುಂದೆ ಹೋಗುತ್ತದೆ. ಪ್ಲಾಸ್ಟಿಕ್ ಜಾರಿದರೆ ಆ ಝಟಕಾ ಕಡಿಮೆ. ಮೊಣಕಾಲು, ಮೊಣಕೈ ಪ್ಯಾಡ್‌ಗಳ ಮೇಲೆ ಗಟ್ಟಿ ಚಿಪ್ಪು ಇರಬೇಕು ಎನ್ನುವುದೂ ಇದೇ ಕಾರಣಕ್ಕೆ. ವಾಲಿಬಾಲ್ ಆಡುವವರು ಹಾಕುವ ಬರೀ ಬಟ್ಟೆ–ಸ್ಪಂಜಿನ ಪ್ಯಾಡ್ ಮರದ ನೆಲಕ್ಕೆ ಸರಿ, ಡಾಂಬರಿಗಲ್ಲ.

‘ರಿಸ್ಟ್ ಗಾರ್ಡ್ ಹಾಕಿದರೆ ಮೂಳೆ ಮಣಿಕಟ್ಟಿನ ಬದಲು ಮೇಲೆ ಮುರಿಯುತ್ತದೆ’ ಎಂಬ ಮಾತು ಕೇಳಿರಬಹುದು. ಇದು ಪೂರ್ತಿ ಸುಳ್ಳಲ್ಲ. ಗಾರ್ಡ್‌ನ ಅಂಚಿನ ಬಳಿ ಮೂಳೆ ಮುರಿದ ಬಿಡಿ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಆದರೆ ಬಿಡಿ ಪ್ರಕರಣಗಳನ್ನು ಮುಂದಿಟ್ಟುಕೊಂಡು ಗಾರ್ಡ್ ಬೇಡ ಎನ್ನುವುದು, ಸೀಟ್ ಬೆಲ್ಟ್ ಎದೆಗೆ ಗೀರಿತು ಅಂತ ಬೆಲ್ಟೇ ಬೇಡ ಎಂದಂತೆ.

‘ಚಾಂಪಿಯನ್‌ಗಳು ಪ್ಯಾಡ್ ಹಾಕುವುದಿಲ್ಲವಲ್ಲ?’

ನಿಜ. ದೊಡ್ಡವರ ರೇಸ್ ವಿಡಿಯೊಗಳಲ್ಲಿ ಹೆಲ್ಮೆಟ್ ಮತ್ತು ಮೈಗಂಟಿದ ಸೂಟ್ ಮಾತ್ರ ಕಾಣುತ್ತದೆ. ಅವರು ಬೀಳುವುದನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ತಗ್ಗಿ ಬಾಗಿಕೊಂಡೇ ಓಡುತ್ತಾರೆ, ಬಿದ್ದರೆ ಹೆಚ್ಚಾಗಿ ಪಕ್ಕಕ್ಕೆ, ಸೊಂಟ–ತೊಡೆಯ ಮೇಲೆ ಜಾರುತ್ತಾರೆ. ಆದರೂ ಅವರಿಗೆ ತೊಡೆ ತುಂಬ ತರಚು ಗಾಯ ತಪ್ಪಿದ್ದಲ್ಲ. ಹೊಸದಾಗಿ ಕಲಿಯುವ ಮಗು ನೇರವಾಗಿ ನಿಂತಿರುತ್ತದೆ, ದಪ್ಪನೆ ಬೀಳುತ್ತದೆ. ಎರಡನ್ನೂ ಹೋಲಿಸುವುದೇ ತಪ್ಪು. ಮಗು ರೇಸ್‌ಗೆ ಸಿದ್ಧವಾದ ಮೇಲೆ ಯಾವ ಪ್ಯಾಡ್ ಬಿಡಬಹುದು ಎಂಬುದನ್ನು ತರಬೇತುದಾರರ ಜೊತೆ ಕೂತು ಮಾತಾಡಿ. ಮೊದಲ ತಿಂಗಳಲ್ಲೇ ‘ಪ್ಯಾಡ್ ತೆಗೆಸಿ, ಭಯ ಹೋಗಲಿ’ ಎನ್ನುವ ತರಬೇತುದಾರರಿದ್ದರೆ, ಬೇರೆ ಕ್ಲಾಸ್ ಹುಡುಕುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಬಿದ್ದರೂ ನೋವಾಗದೆ ಎದ್ದ ಮಗುವಿಗೇ ಭಯ ಬೇಗ ಹೋಗುವುದು.

ಹೆಲ್ಮೆಟ್: ವೇಗಕ್ಕಿಂತ ಎತ್ತರ ಮುಖ್ಯ

‘ನಮ್ಮ ಮಗು ಇನ್ನೂ ನಿಧಾನ ಹೋಗುತ್ತೆ, ಹೆಲ್ಮೆಟ್ ಆಮೇಲೆ ನೋಡೋಣ’ ಎನ್ನುವವರಿಗೆ ಒಂದು ಸಣ್ಣ ಲೆಕ್ಕ. ಸ್ಕೇಟ್ ಹಾಕಿ ನಿಂತ ಏಳೆಂಟು ವರ್ಷದ ಮಗುವಿನ ತಲೆ ನೆಲದಿಂದ ಸುಮಾರು 1.3 ಮೀಟರ್ ಮೇಲಿರುತ್ತದೆ. ಅಷ್ಟು ಎತ್ತರದಿಂದ ಯಾವುದೇ ವಸ್ತು ಬಿದ್ದರೂ ನೆಲ ತಲುಪುವಾಗ ಅದರ ವೇಗ ಗಂಟೆಗೆ ಸುಮಾರು 18 ಕಿ.ಮೀ. ಮಗು ನಿಂತಲ್ಲೇ ಕಾಲು ಜಾರಿ ಬಿದ್ದರೂ ತಲೆ ನೆಲಕ್ಕೆ ಬಡಿಯುವುದು ಹೆಚ್ಚುಕಡಿಮೆ ಆ ವೇಗದಲ್ಲೇ. ಮುಂದೆ ಓಡುವ ವೇಗ ಕಂಬಕ್ಕೋ ಗೋಡೆಗೋ ಬೇರೆ ಮಗುವಿಗೋ ಡಿಕ್ಕಿ ಹೊಡೆದಾಗ ಲೆಕ್ಕಕ್ಕೆ ಬರುತ್ತದೆ. ಅದರ ಮೇಲೆ, ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು. ದೊಡ್ಡವರಲ್ಲಿ ಅದು ಎತ್ತರದ ಎಂಟನೇ ಒಂದು ಭಾಗವಾದರೆ, ಐದಾರು ವರ್ಷದ ಮಗುವಿನಲ್ಲಿ ಸುಮಾರು ಆರನೇ ಒಂದು ಭಾಗ.

ಹೆಲ್ಮೆಟ್‌ನಲ್ಲಿ ನಿಜವಾದ ಕೆಲಸ ಮಾಡುವುದು ಹೊರಗಿನ ಬಣ್ಣದ ಚಿಪ್ಪಲ್ಲ, ಅದರ ಒಳಗಿರುವ ಥರ್ಮೊಕೋಲ್‌ನಂಥ ಗಟ್ಟಿ ಫೋಮ್. ಪೆಟ್ಟು ಬಿದ್ದಾಗ ಅದು ನಜ್ಜುಗುಜ್ಜಾಗುತ್ತದೆ, ಹಾಗೆ ಆಗುತ್ತಾ ತಲೆ ನಿಲ್ಲಲು ಒಂದಿಷ್ಟು ಹೆಚ್ಚು ದೂರ, ಹೆಚ್ಚು ಸಮಯ ಕೊಡುತ್ತದೆ. ಕ್ಯಾಚ್ ಹಿಡಿಯುವಾಗ ಕೈ ಹಿಂದಕ್ಕೆ ಎಳೆದುಕೊಳ್ಳುತ್ತೇವಲ್ಲ, ಅದೇ ತಂತ್ರ. ಆದರೆ ಈ ಫೋಮ್ ಒಮ್ಮೆ ನಜ್ಜಾದರೆ ಮತ್ತೆ ಉಬ್ಬುವುದಿಲ್ಲ. ಜೋರಾದ ಒಂದು ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಹೊಳೆಯುತ್ತಿದ್ದರೂ ಅದರ ಕೆಲಸ ಮುಗಿಯಿತು. ಅಕ್ಕನ ಹೆಲ್ಮೆಟ್ ತಮ್ಮನಿಗೆ ಬರಬಹುದು, ಆದರೆ ಅದು ಎಂದಾದರೂ ನೆಲಕ್ಕೆ ಬಡಿದಿತ್ತೇ ಎಂದು ಅಕ್ಕನನ್ನೇ ಕೇಳಿ. ಪಕ್ಕದ ಮನೆಯವರು ಕೊಟ್ಟ ಹಳೆಯ ಹೆಲ್ಮೆಟ್‌ನ ಚರಿತ್ರೆ ನಿಮಗೆ ಗೊತ್ತಾಗುವುದಿಲ್ಲ, ಅದನ್ನು ಬಿಟ್ಟುಬಿಡಿ.

ಕಿಟ್ ಪೆಟ್ಟಿಗೆಯ ಸಮಸ್ಯೆ ಇರುವುದು ಇಲ್ಲೇ. ಎಷ್ಟೋ ಅಗ್ಗದ ಕಿಟ್‌ಗಳಲ್ಲಿ ಬರುವ ಹೆಲ್ಮೆಟ್ ಅಂದರೆ ತೆಳು ಪ್ಲಾಸ್ಟಿಕ್ ಬಟ್ಟಲು, ಅದರೊಳಗೆ ಎರಡು ಮೂರು ತುಂಡು ಸ್ಪಂಜು. ಅಂಗಡಿಯಲ್ಲೇ ಹೆಲ್ಮೆಟ್ ತಿರುಗಿಸಿ ನೋಡಿ. ಮೆತ್ತಗಿನ ಸ್ಪಂಜಿನ ಹಿಂದೆ, ಬೆರಳಿನಿಂದ ಒತ್ತಿದರೆ ಸುಲಭವಾಗಿ ತಗ್ಗದ ದಪ್ಪನೆಯ ಫೋಮ್ ಪದರ ಇದೆಯೇ? ಇಲ್ಲವಾದರೆ ಅದು ಟೋಪಿ, ಹೆಲ್ಮೆಟ್ ಅಲ್ಲ. ಆಮೇಲೆ ಒಳಗಿನ ಚೀಟಿ ಓದಿ. ಇಂಗ್ಲಿಷ್‌ನ ಇ, ಎನ್ ಅಕ್ಷರಗಳ ಮುಂದೆ 1078 ಎಂದಿದ್ದರೆ ಅದು ಸೈಕಲ್, ಸ್ಕೇಟ್‌ಬೋರ್ಡ್ ಮತ್ತು ರೋಲರ್ ಸ್ಕೇಟ್‌ಗಳಿಗಾಗಿಯೇ ಇರುವ ಯುರೋಪಿನ ಮಾನದಂಡ. ಸಿಪಿಎಸ್‌ಸಿ ಎಂದಿದ್ದರೆ ಅಮೆರಿಕದ ಸೈಕಲ್ ಹೆಲ್ಮೆಟ್ ಮಾನದಂಡ. ಅದರ ಪರೀಕ್ಷೆಯಲ್ಲಿ ಲೋಹದ ಕೃತಕ ತಲೆಗೆ ಹೆಲ್ಮೆಟ್ ತೊಡಿಸಿ 2 ಮೀಟರ್ ಎತ್ತರದಿಂದ ಸಮತಟ್ಟಾದ ಉಕ್ಕಿನ ಮೇಲೆ ಬೀಳಿಸುತ್ತಾರೆ. ಆಗ ತಲೆಗೆ ತಟ್ಟುವ ಝಟಕಾ ಗುರುತ್ವದ 300 ಪಟ್ಟು ಮೀರಬಾರದು. ಯುರೋಪಿನವರು ಸ್ವಲ್ಪ ಕಡಿಮೆ ಎತ್ತರದಿಂದ ಬೀಳಿಸಿ 250 ಪಟ್ಟಿನ ಮಿತಿ ಇಟ್ಟಿದ್ದಾರೆ. ಬರೀ ‘ಸಿಇ’ ಎಂಬ ಎರಡಕ್ಷರ ನೋಡಿ ಸಮಾಧಾನಪಡಬೇಡಿ. ಯಾವ ಮಾನದಂಡ, ಯಾರು ತಯಾರಿಸಿದ್ದು, ಯಾವಾಗ ಎಂಬುದೂ ಜೊತೆಗಿರಬೇಕು.

ಹಾಗಾದರೆ ಐಎಸ್‌ಐ ಗುರುತಿನ ಬೈಕ್ ಹೆಲ್ಮೆಟ್ ಇನ್ನೂ ಗಟ್ಟಿಯಲ್ಲವೇ? ಗಟ್ಟಿಯೇ, ಆದರೆ ಆ ಮಾನದಂಡ, ಅಂದರೆ ಐಎಸ್ 4151, ಬೈಕ್ ಸವಾರರಿಗಾಗಿ ಬರೆದದ್ದು. ಆ ಭಾರ ಹೊತ್ತು ಮಗು ಮುಕ್ಕಾಲು ಗಂಟೆ ಬಾಗಿ ಓಡಿದರೆ ಕುತ್ತಿಗೆ ಸೋಲುತ್ತದೆ, ಬೆವರು ಕಣ್ಣಿಗಿಳಿಯುತ್ತದೆ, ಪಕ್ಕದಿಂದ ಬರುವ ಇನ್ನೊಂದು ಮಗು ಕಾಣುವುದಿಲ್ಲ, ಕೂಗಿದ್ದು ಕೇಳುವುದಿಲ್ಲ. ಮನೆಯಲ್ಲಿರುವ ಕ್ರಿಕೆಟ್ ಹೆಲ್ಮೆಟ್ ಚೆಂಡು ತಡೆಯಲು ಮಾಡಿದ್ದು, ನೆಲ ತಡೆಯಲು ಅಲ್ಲ.

ಒಳ್ಳೆಯ ಹೆಲ್ಮೆಟ್ ತಂದರೂ ಅದು ತಲೆಯ ಹಿಂಭಾಗಕ್ಕೆ ಜಾರಿ ಹಣೆ ಬಯಲಾಗಿದ್ದರೆ ಪ್ರಯೋಜನವಿಲ್ಲ. ಮುಂಭಾಗದ ಅಂಚು ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಜಾಗ ಬಿಟ್ಟು ನಿಲ್ಲಬೇಕು. ಪಟ್ಟಿಗಳು ಕಿವಿಯ ಕೆಳಗೆ ಸೇರಬೇಕು, ಗಲ್ಲದ ಪಟ್ಟಿಯೊಳಗೆ ಒಂದೆರಡು ಬೆರಳು ಮಾತ್ರ ಹೋಗಬೇಕು. ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಜೊತೆಗೇ ಅಲ್ಲಾಡಬೇಕು, ತಾನೇ ತಿರುಗಬಾರದು. ಹೆಣ್ಣುಮಕ್ಕಳಿಗೆ ಎತ್ತರದ ತುರುಬು ಕಟ್ಟಿದರೆ, ಇಲ್ಲವೇ ತಲೆಗೆ ಗಟ್ಟಿ ಕ್ಲಿಪ್ ಹಾಕಿದರೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ. ಬಿದ್ದಾಗ ಆ ಕ್ಲಿಪ್ಪೇ ಚುಚ್ಚಬಹುದು. ಕೆಳಗೆ ಬೀಳುವಂತೆ ಒಂದು ಸಾದಾ ಜಡೆ ಸಾಕು. ಒಳಗೆ ದಪ್ಪ ಟೋಪಿಯೂ ಬೇಡ.

ಶೂ: ಬೆಳೆಯುವ ಕಾಲಿನ ನೆಪ

ಯೂನಿಫಾರಂ ಒಂದು ಸೈಜ್ ದೊಡ್ಡದು ಕೊಳ್ಳುವುದು ನಮ್ಮ ಮನೆಗಳ ಹಳೆಯ ಜಾಣತನ. ಸ್ಕೇಟ್‌ನಲ್ಲಿ ಅದು ನಡೆಯುವುದಿಲ್ಲ. ಶೂ ಸಡಿಲವಾದರೆ ಹಿಮ್ಮಡಿ ಒಳಗೆ ಎದ್ದೆದ್ದು ಬರುತ್ತದೆ, ಕಣಕಾಲು ಒಳಕ್ಕೆ ಕುಸಿಯುತ್ತದೆ. ಮಗು ತಿರುಗಿಸಬೇಕೆಂದುಕೊಂಡ ಕಡೆ ಚಕ್ರ ತಿರುಗುವುದಿಲ್ಲ. ಬೀಳುವುದನ್ನು ತಡೆಯುವ ಸಲಕರಣೆಗಳಲ್ಲಿ ಸರಿಯಾದ ಶೂ ಮೊದಲನೆಯದು, ಉಳಿದವೆಲ್ಲ ಬಿದ್ದ ಮೇಲಿನವು. ಸಂಜೆ ಹೊತ್ತು, ಆಟಕ್ಕೆ ಹಾಕುವ ತೆಳು ಕಾಲುಚೀಲ ಹಾಕಿಸಿ, ನಿಲ್ಲಿಸಿ ಅಳತೆ ನೋಡಿ. ಹೆಬ್ಬೆರಳು ಮುಂದೆ ಹಗುರಾಗಿ ತಾಕುವಂತಿದ್ದು, ಮಂಡಿ ಬಗ್ಗಿಸಿದಾಗ ಸ್ವಲ್ಪ ಹಿಂದೆ ಸರಿದರೆ ಸರಿ. ಬೆಳೆಯುವ ಕಾಲಿಗೆ ಉದ್ದ ಹೆಚ್ಚಿಸಬಹುದಾದ ಶೂಗಳು ಸಿಗುತ್ತವೆ, ಆರಂಭಕ್ಕೆ ಅವು ಸಾಕು. ಸ್ಪೀಡ್ ಸ್ಕೇಟಿಂಗ್‌ಗೆಂದೇ ಬರುವ, ಕಣಕಾಲಿನ ಕೆಳಗೇ ಮುಗಿಯುವ ಗಿಡ್ಡ ಬೂಟುಗಳು ಕಾಲು ಬಲಿತವರಿಗೆ. ಮೊದಲ ದಿನವೇ ಅದನ್ನು ಹಾಕಿಸುವುದು ಸೈಕಲ್ ಕಲಿಯುವವನಿಗೆ ರೇಸಿಂಗ್ ಸೈಕಲ್ ಕೊಟ್ಟಂತೆ.

ಇಲ್ಲೊಂದು ಸಣ್ಣ ಮೋಸದ ಬಗ್ಗೆ ಹೇಳಿ ಮುಂದೆ ಹೋಗುತ್ತೇನೆ. ಬೇರಿಂಗ್ ಮೇಲೆ ‘ಎಬೆಕ್ 7’, ‘ಎಬೆಕ್ 9’ ಎಂದು ಬರೆದಿರುತ್ತದೆ, ಸಂಖ್ಯೆ ಹೆಚ್ಚಾದಷ್ಟು ವೇಗ ಎಂದು ಮಾರುತ್ತಾರೆ. ಆ ಸಂಖ್ಯೆ ಹೇಳುವುದು ಬೇರಿಂಗ್‌ನ ಅಳತೆ ಎಷ್ಟು ಕರಾರುವಾಕ್ಕು ಎಂಬುದನ್ನು ಮಾತ್ರ. ಕಲಿಯುವ ಮಗುವಿನ ಕಾಲಿಗೆ ಆ ವ್ಯತ್ಯಾಸ ಗೊತ್ತೂ ಆಗುವುದಿಲ್ಲ. ಆ ಹಣವನ್ನು ರಿಸ್ಟ್ ಗಾರ್ಡ್‌ಗೆ ಹಾಕಿ.

ಮೈಗಂಟಿದ ಸೂಟ್ ಬೇಕೇ?

ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. 1000 ಮೀಟರನ್ನು ಒಂದೂವರೆ ನಿಮಿಷದೊಳಗೆ ಮುಗಿಸುವ ಆಟಗಾರನ ವೇಗ ಗಂಟೆಗೆ 40 ಕಿ.ಮೀ.ಗಿಂತ ಹೆಚ್ಚು. ಗಂಟೆಗೆ 10 ಕಿ.ಮೀ. ವೇಗದಲ್ಲಿ ಸುತ್ತು ಹಾಕುವ ಮಗುವಿಗೆ ತಟ್ಟುವ ಗಾಳಿಯ ಕಾಟಕ್ಕೆ ಹೋಲಿಸಿದರೆ, ಅದೇ ಮೈಗಾತ್ರಕ್ಕೆ ಆ ವೇಗದಲ್ಲಿ ಅದು 16 ಪಟ್ಟು. ಹಾಗಾಗಿ ದೊಡ್ಡವರಿಗೆ ಸೂಟ್ ಅಗತ್ಯ. ಮಗುವಿಗೆ ಅದು ಫೋಟೊಗೆ ಚಂದ, ಅಷ್ಟೇ. ಮಂಡಿ ಬಗ್ಗಿಸಿ ತಗ್ಗಿ ಓಡುವುದನ್ನು ಕಲಿತರೆ ಅದರಿಂದಲೇ ಹೆಚ್ಚು ಲಾಭ.

ಇನ್ನೊಂದು ಅಪಾಯವೂ ಇದೆ. ತೆಳುವಾದ ಆ ಹಿಗ್ಗುವ ಬಟ್ಟೆ ಸಿಮೆಂಟಿನ ಮೇಲೆ ಜಾರಿದರೆ ಚರ್ಮವನ್ನು ಹೆಚ್ಚು ಕಾಯುವುದಿಲ್ಲ. ಅಭ್ಯಾಸಕ್ಕೆ ತುಂಬು ತೋಳಿನ ಟಿ–ಶರ್ಟ್, ಮೈಗೆ ಹೊಂದುವ ಆದರೆ ಬಿಗಿಯಲ್ಲದ ಟ್ರ್ಯಾಕ್ ಪ್ಯಾಂಟ್, ಇವು ಸಾಕು. ಪ್ಯಾಂಟಿನ ತುದಿ ಅಗಲವಾಗಿ ಚಕ್ರಕ್ಕೆ ಸಿಗುವಂತಿರಬಾರದು. ದುಪಟ್ಟಾ, ತೂಗಾಡುವ ಲಾಡಿ, ಬಿಚ್ಚಿದ ಶೂ ಲೇಸ್ ಬೇಡವೇ ಬೇಡ. ಬಳೆ, ಕಡಗ, ವಾಚ್ ಹಾಕಿಕೊಂಡೇ ಮೇಲೆ ರಿಸ್ಟ್ ಗಾರ್ಡ್ ಬಿಗಿದರೆ ಬಿದ್ದಾಗ ಅವು ಕೈಗೇ ಒತ್ತುತ್ತವೆ. ಮನೆಯಲ್ಲೇ ತೆಗೆದಿಟ್ಟು ಬರಲಿ. ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ದಪ್ಪ ಹತ್ತಿ ಬಟ್ಟೆ ಬೆವರು ಹೀರಿ ಒದ್ದೆಯಾಗಿಯೇ ಇರುತ್ತದೆ, ಬೇಗ ಒಣಗುವ ಆಟದ ಬಟ್ಟೆ ಮೇಲು. ಅದಕ್ಕಿಂತ ಮೇಲು, ಎಂಟರೊಳಗೆ ಕ್ಲಾಸ್ ಮುಗಿಸುವುದು.

ಚರ್ಮ ತರಚಿದರೆ ನಮ್ಮಲ್ಲಿ ಕೈ ಮೊದಲು ಹೋಗುವುದು ಕಾಫಿಪುಡಿ ಅಥವಾ ಅರಿಶಿನದ ಡಬ್ಬಿಗೆ. ದಯವಿಟ್ಟು ಬೇಡ. ಗಾಯದೊಳಗೆ ಸೇರಿದ ಮರಳು, ಧೂಳು ಹೊರಹೋಗಬೇಕು. ಪುಡಿ ಮೆತ್ತಿದರೆ ಅದು ಅಲ್ಲೇ ಉಳಿಯುತ್ತದೆ, ವೈದ್ಯರಿಗೂ ಗಾಯ ಕಾಣುವುದಿಲ್ಲ. ಹರಿಯುವ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದು, ಸ್ವಚ್ಛ ಬಟ್ಟೆ ಮುಚ್ಚಿ. ಗಾಯ ಆಳವಾಗಿದ್ದರೆ, ಮಣ್ಣು ಹೋಗದಿದ್ದರೆ, ಧನುರ್ವಾಯು ಲಸಿಕೆ ಯಾವಾಗ ಹಾಕಿಸಿದ್ದು ಎಂಬ ನೆನಪಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ.

ಮಂಜುಗಡ್ಡೆಯ ಮೇಲೆ ಲೆಕ್ಕ ಬೇರೆ

ಲೇಹ್‌ನಲ್ಲಿ ನಡೆಯುವ ಐಸ್ ಸ್ಕೇಟಿಂಗ್ ಸ್ಪರ್ಧೆಗಳಿಗೆ ಕರ್ನಾಟಕದ ಮಕ್ಕಳೂ ಹೋಗುತ್ತಾರೆ, ಹೆಚ್ಚಿನವರು ರೋಲರ್ ಕಲಿತವರೇ. ಅಲ್ಲಿ ಶತ್ರು ಸಿಮೆಂಟ್ ಅಲ್ಲ, ಕಾಲಲ್ಲಿರುವ ಹರಿತವಾದ ಬ್ಲೇಡ್. ಅಮೆರಿಕದ ಜೆ.ಆರ್. ಸೆಲ್ಸ್‌ಕಿ 2009ರಲ್ಲಿ ಒಲಿಂಪಿಕ್ಸ್ ಆಯ್ಕೆಯ ರೇಸ್‌ನಲ್ಲಿ ಬಿದ್ದಾಗ, ತನ್ನದೇ ಬಲಗಾಲಿನ ಬ್ಲೇಡ್ ಎಡ ತೊಡೆಯನ್ನು ಆಳವಾಗಿ ಸೀಳಿತು. ಅವರು ಚೇತರಿಸಿಕೊಂಡು 2010ರ ವ್ಯಾಂಕೂವರ್ ಕೂಟದಲ್ಲಿ ಕಂಚು ಗೆದ್ದರು ಎಂಬುದು ಬೇರೆ ಮಾತು. ಶಾರ್ಟ್ ಟ್ರ್ಯಾಕ್‌ನಲ್ಲಿ ಹೆಲ್ಮೆಟ್ ಜೊತೆಗೆ ಕುತ್ತಿಗೆಯ ರಕ್ಷಣೆ, ಸುಲಭವಾಗಿ ಕತ್ತರಿಸದ ನೂಲಿನ ಸೂಟ್ ಮತ್ತು ಗ್ಲೌಸ್, ಮೊಣಕಾಲು ಹಾಗೂ ಮುಂಗಾಲಿನ ಗಾರ್ಡ್ ಹಾಕುವುದು ಇದಕ್ಕೇ. ಬ್ಲೇಡಿನ ತುದಿಗಳನ್ನು ದುಂಡಗೆ ಉಜ್ಜಿರಬೇಕು. ರೋಲರ್‌ನ ಸಾದಾ ಸೂಟ್ ಹಾಕಿ ಮಗುವನ್ನು ಐಸ್ ರೇಸ್‌ಗೆ ಇಳಿಸಬೇಡಿ.

ಹೆಲ್ಮೆಟ್ ಇದ್ದೂ ತಲೆಗೆ ಪೆಟ್ಟಾದರೆ

ಹೆಲ್ಮೆಟ್ ತಲೆಬುರುಡೆ ಒಡೆಯುವುದನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಬುರುಡೆಯೊಳಗೆ ಮೆದುಳು ಅಲುಗಾಡುವುದನ್ನು ಪೂರ್ತಿ ತಡೆಯಲಾರದು. ‘ಹೆಲ್ಮೆಟ್ ಇತ್ತಲ್ಲ, ಏನೂ ಆಗಿರಲ್ಲ’ ಎಂದು ಮಗುವನ್ನು ಅದೇ ದಿನ ಮತ್ತೆ ರಿಂಕ್‌ಗೆ ಕಳಿಸಬೇಡಿ. ತಲೆನೋವು, ಮಂಕು, ತಲೆಸುತ್ತು, ಕೇಳಿದ್ದನ್ನೇ ಮತ್ತೆ ಕೇಳುವುದು, ಬೆಳಕು ಕಂಡರೆ ಕಿರಿಕಿರಿ, ಇವು ಮೆದುಳಿಗೆ ಝಟಕಾ ತಗುಲಿದ ಸೂಚನೆಗಳು. ಪ್ರಜ್ಞೆ ತಪ್ಪಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ತಲೆನೋವು ಏರುತ್ತಲೇ ಹೋದರೆ, ಎಬ್ಬಿಸಿದರೂ ಏಳದಷ್ಟು ನಿದ್ದೆ ಬಂದರೆ, ಮೂಗು ಅಥವಾ ಕಿವಿಯಿಂದ ನೀರಿನಂಥದ್ದು ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ, ಅಗತ್ಯವಿದ್ದರೆ 108ಕ್ಕೆ ಕರೆ ಮಾಡಿ. ಹೊರಡುವಾಗ ಆ ಹೆಲ್ಮೆಟನ್ನೂ ಜೊತೆಗೆ ಒಯ್ಯಿರಿ. ಪೆಟ್ಟು ಎಲ್ಲಿ, ಎಷ್ಟು ಜೋರಾಗಿ ಬಿದ್ದಿದೆ ಎಂದು ವೈದ್ಯರಿಗೆ ತೋರಿಸಲು ಅದು ಸಹಾಯಕ. ಮನೆಗೆ ಬಂದ ಮೇಲೆ ಅದರ ಪಟ್ಟಿ ಕತ್ತರಿಸಿ ಕಸಕ್ಕೆ ಹಾಕಿ, ಬೇರೆ ಯಾರೂ ಎತ್ತಿಕೊಂಡು ಹಾಕಿಕೊಳ್ಳದ ಹಾಗೆ.